ಕಾಲು ತೊಳೆಯದೆ ಬನ್ನಿ

ಮೊದಲಿಗೆ ಓದುಗರಲ್ಲಿ ಒಂದು ಅರಿಕೆ. ನಾನು ಬರೆದು ರೂಢಿಯಿರುವವಳಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳಾದುದರಿಂದ, ತಪ್ಪಿಲ್ಲದೆ ಬರೆಯಬೇಕೆಂಬ ಭಯ ಇಂದಿಗೂ ನನ್ನ ಕೈಯನ್ನು ಬಿಟ್ಟಿಲ್ಲ. ನಾನು ಹೇಳಹೊರಟಿರುವುದು ಒಬ್ಬ ವೈದ್ಯರ ವಿಷಯ. ವೈದ್ಯಶಾಸ್ತ್ರಕ್ಕೆ ಸಂಬಂಧಿಸಿದ ಮಾತುಗಳಲ್ಲಿ ಎಲ್ಲಿಯಾದರೂ ತಪ್ಪು ನುಸುಳಿದ್ದರೆ ಅದು ನನ್ನ ತಿಳಿವಳಿಕೆಯ ಕೊರತೆಯೇ ಹೊರತು ಅವರದಲ್ಲ. ಅವರೂ ನನ್ನ ತಂದೆಯವರೂ ಆಡುತ್ತಿದ್ದುದು ಹೆಚ್ಚಾಗಿ ತುಳುವಿನಲ್ಲಿ. ಅದನ್ನು ಇಲ್ಲಿ ನಮ್ಮೂರಿನ ಕನ್ನಡಕ್ಕೆ ತಂದಿದ್ದೇನೆ. ಹಾಗೆ ತರುವಾಗ ಆ ಮಾತುಗಳ ಸೊಗಸು ಅಷ್ಟಿಷ್ಟು ಕಳೆದುಹೋಗಿದ್ದರೆ ದಯವಿಟ್ಟು ಮನ್ನಿಸಬೇಕು.

ಬೆಂಜಮಿನ್ ಡಾಕ್ಟರು ರೋಗಿಯ ಕಾಲ ಬುಡದಲ್ಲಿ ಕುಳಿತುಕೊಳ್ಳುತ್ತಿದ್ದರು. ಮಂಗಳೂರಿನ ಹಂಪನಕಟ್ಟೆಯ ಗದ್ದಲದಿಂದ ಸ್ವಲ್ಪ ಒಳಗೆ ಸರಿದ ಓಣಿಯೊಂದರಲ್ಲಿ, ಬಟ್ಟೆಯಂಗಡಿಯೊಂದರ ಹಿಂದೆ, ಅವರ ಚಿಕಿತ್ಸಾಲಯವಿತ್ತು. ಒಳಕೋಣೆಯಲ್ಲಿ ರೋಗಿಗೆಂದು ಎತ್ತರದ ಬೆತ್ತದ ಕುರ್ಚಿ. ಅದರ ಎದುರಿಗೆ ಹಲಸಿನ ಮರದ ಒಂದು ತಗ್ಗು ಮಣೆ. ಆ ಮಣೆಯೇ ಡಾಕ್ಟರ ಆಸನ. ಅವರದು ಆಜಾನುಬಾಹು ಶರೀರ, ಬೆಳ್ಳಗಾದ ತಲೆ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ಅಂಥವರು ಪ್ಯಾಂಟನ್ನು ಮೊಣಕಾಲಿನವರೆಗೆ ಸರಿಸಿಕೊಂಡು ಆ ಮಣೆಯ ಮೇಲೆ ಕುಳಿತಾಗ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕಾಣುತ್ತಿತ್ತು. ಊರಿನಲ್ಲಿ ಬೇರೆ ಯಾವ ಡಾಕ್ಟರನ್ನೂ ರೋಗಿಗಳು ಹೀಗೆ ಮೇಲಿನಿಂದ ನೋಡಿದ್ದಿಲ್ಲ.

ಮದ್ದು ಕೊಡುತ್ತಿದ್ದ ಕಂಪೌಂಡರ್ ಮೋನಪ್ಪ ಇದನ್ನು ಹಾಸ್ಯ ಮಾಡದ ದಿನವಿರಲಿಲ್ಲ. "ಡಾಕ್ಟ್ರೇ ಮಣೆಯಲ್ಲಿ ಕೂತ್ರೆ ನಾನು ಪಾತಾಳದಲ್ಲಿ ಕೂತ್ಕೊಳ್ಬೇಕಾ?"

"ನೀನು ನಿಂತೇ ಇರು ಮಾರಾಯ. ಬಾಟ್ಲಿ ಎಲ್ಲ ಮೇಲಿನ ಅಟ್ಟದಲ್ಲಿ ಉಂಟು" ಎನ್ನುತ್ತಿದ್ದರು ಡಾಕ್ಟರು, ತಲೆಯೆತ್ತದೆ.

ಯಾವ ಕಾಯಿಲೆಯೆಂದು ಬಂದರೂ ಅವರು ಮೊದಲು ಕೇಳುತ್ತಿದ್ದುದು ಕಾಲನ್ನು. ರೋಗಿ "ಜ್ವರ ಡಾಕ್ಟ್ರೆ" ಎಂದರೆ "ಜ್ವರ ಎಲ್ಲಿಗೂ ಓಡುದಿಲ್ಲ, ಕಾಲು ಕೊಡಿ" ಎನ್ನುವರು. ಪಾದದ ಮೇಲ್ಭಾಗದಲ್ಲಿ, ಪಾದದ ಗಂಟಾದ ಹರಡಿನ ಹಿಂದೆ, ಮೊಣಕಾಲಿನ ಮಡಿಕೆಯಲ್ಲಿ ಅವರ ಬೆರಳುಗಳು ನಾಡಿಯನ್ನು ಹುಡುಕುತ್ತಿದ್ದವು. ಸಿಕ್ಕಿದೊಡನೆ ಕಿಸೆಯಿಂದ, ಒದ್ದೆಯಾದರೆ ಶಾಯಿಯಂತೆ ಮೂಡುವ ಕಾಪಿಯಿಂಗ್ ಪೆನ್ಸಿಲನ್ನು ತೆಗೆದು, ತುದಿಯನ್ನು ನಾಲಗೆಗೆ ತಾಗಿಸಿ, ಮಿಡಿತ ಸಿಕ್ಕಿದ ಜಾಗದಲ್ಲಿ ಚರ್ಮದ ಮೇಲೆಯೇ ಒಂದು ಸಣ್ಣ ನೇರಳೆ ಗುರುತು ಹಾಕುತ್ತಿದ್ದರು. ಮುಂದಿನ ಸಲ ಹುಡುಕುವ ಕಷ್ಟ ಬೇಡವೆಂದು ಈ ಉಪಾಯ. ಇದರಿಂದಾಗಿ ಅವರ ಕೆಳತುಟಿಯಲ್ಲಿ ವರ್ಷವಿಡೀ ಒಂದು ನೇರಳೆ ಕಲೆ ಇರುತ್ತಿತ್ತು. ಗೊತ್ತಿಲ್ಲದವರು ಡಾಕ್ಟರು ಈಗಷ್ಟೇ ನೇರಳೆಹಣ್ಣು ತಿಂದು ಬಂದಿದ್ದಾರೆಂದು ತಿಳಿಯುತ್ತಿದ್ದರು.

"ಕೈಯ ನಾಡಿಯನ್ನು ಎಲ್ಲರೂ ಹಿಡೀತಾರೆ. ಕಾಲಿನದ್ದನ್ನು ಕೇಳುವವರಿಲ್ಲ. ಪಾಪ, ಅದು ಎದೆಯಿಂದ ಅಷ್ಟು ದೂರ ನಡ್ಕೊಂಡು ಬರ್ತದೆ" ಎಂಬುದು ಅವರು ಸದಾ ಆಡುತ್ತಿದ್ದ ಮಾತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಸೈನ್ಯದ ಆಸ್ಪತ್ರೆಯೊಂದರಲ್ಲಿ ಇದ್ದವರು. ಅಲ್ಲಿ ಅನೇಕ ತರುಣರ ಕಾಲುಗಳನ್ನು ಕತ್ತರಿಸಬೇಕಾಗಿ ಬಂದಿತ್ತೆಂದು ಮೋನಪ್ಪನಿಂದ ನಮಗೆ ತಿಳಿದಿತ್ತು. ಡಾಕ್ಟರು ಮಾತ್ರ ಆ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಮಂಗಳೂರಿಗೆ ಮರಳಿದ ಮೇಲೆ ಅವರು ಶಸ್ತ್ರಚಿಕಿತ್ಸೆಯನ್ನು ಪೂರ್ತಿಯಾಗಿ ಬಿಟ್ಟುಬಿಟ್ಟರು.

ನನ್ನ ತಂದೆ ದೂಮಪ್ಪ ನೇತ್ರಾವತಿಯ ದಂಡೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ದೋಣಿಯಲ್ಲಿ ಬಂದಿಳಿದ ಆವೆಮಣ್ಣನ್ನು ತುಳಿದು ಹದಮಾಡಿ ಯಂತ್ರಕ್ಕೆ ಒಯ್ಯುವುದು ಅವರ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬರಿಗಾಲಿನಲ್ಲಿ ಮಣ್ಣಿನೊಳಗೆ ನಿಂತು ಅವರ ಹಿಮ್ಮಡಿಗಳಲ್ಲಿ ಆಳವಾದ ಬಿರುಕುಗಳಾಗಿದ್ದವು. ಆ ಬಿರುಕುಗಳಲ್ಲಿ ಸೇರಿದ ಮಣ್ಣು ಮನೆಯ ಬಚ್ಚಲಿನಲ್ಲಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮದುವೆ, ಪೂಜೆಗಳಿಗೆ ಹೋದಲ್ಲಿ ಅವರು ಪಂಚೆಯನ್ನು ಇಳಿಬಿಟ್ಟು ಪಾದಗಳನ್ನು ಅದರೊಳಗೆ ಮರೆಮಾಡಿ ಕುಳಿತುಕೊಳ್ಳುತ್ತಿದ್ದರು.

ಕಾರ್ಖಾನೆಯಿಂದ ಜೆಪ್ಪುವಿನ ನಮ್ಮ ಮನೆಗೆ ದೂರವೇನಿಲ್ಲ. ಆದರೂ ಆ ದಾರಿಯಲ್ಲಿ ಅಪ್ಪ ನಡುನಡುವೆ ನಿಲ್ಲತೊಡಗಿದರು. ಒಮ್ಮೆ ಬೀಡಿ ಹಚ್ಚುವ ನೆಪ. ಇನ್ನೊಮ್ಮೆ ಯಾರೊಡನೆಯೋ ಮಾತನಾಡುವ ನೆಪ. ಮೀನಖಂಡ ಹಿಡಿದುಕೊಂಡಂತೆ ನೋಯುತ್ತದೆ, ನಿಂತರೆ ಕಡಿಮೆಯಾಗುತ್ತದೆ ಎಂದು ಅವರು ಅಮ್ಮನೊಡನೆ ಹೇಳಿದ್ದು ಬಹಳ ತಡವಾಗಿ. ಅಷ್ಟರಲ್ಲಿ ಎಡಗಾಲಿನ ಕಿರುಬೆರಳು ಬಣ್ಣಗೆಟ್ಟಿತ್ತು. ಆಗಷ್ಟೇ ಬಿ.ಎ. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ನಾನು ಅವರನ್ನು ಬೆಂಜಮಿನ್ ಡಾಕ್ಟರಲ್ಲಿಗೆ ಕರೆದೊಯ್ದೆ.

ಮೋನಪ್ಪ ಹೆಸರು ಕೂಗಿ ಒಳಗೆ ಬಿಟ್ಟೊಡನೆ ಅಪ್ಪ ಮಣೆಯ ಮೇಲೆ ಕುಳಿತಿದ್ದ ಡಾಕ್ಟರನ್ನು ನೋಡಿದರು, ಎತ್ತರದ ಕುರ್ಚಿಯನ್ನು ನೋಡಿದರು, ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು.

"ಎಂತ ದೂಮಣ್ಣ ಇದು? ಕುರ್ಚಿ ಉಂಟಲ್ಲ."

"ಬೇಡ ಡಾಕ್ಟ್ರೆ. ನೀವು ಕೆಳಗೆ, ನಾನು ಮೇಲೆ ಕೂತ್ಕೊಳ್ಳುದಾ? ಕಂಡವರು ಎಂತ ಹೇಳಿಯಾರು?"

"ನೀವು ನೆಲದಲ್ಲಿ ಕೂತ್ರೆ ನಾನು ನೆಲ ಅಗೆಯಬೇಕಾಗ್ತದೆ. ಹಾರೆ ತರಲಿಕ್ಕೆ ಹೇಳ್ಲಾ?"

ಬಾಗಿಲಲ್ಲಿದ್ದ ಮೋನಪ್ಪ ನಕ್ಕದ್ದರಿಂದ ಅಪ್ಪನಿಗೆ ಏಳಲೇಬೇಕಾಯಿತು. ಕುರ್ಚಿಯ ಅಂಚಿನಲ್ಲಿ ಕುಳಿತು ಎರಡೂ ಪಾದಗಳನ್ನು ಹಿಂದಕ್ಕೆಳೆದುಕೊಂಡರು. ಡಾಕ್ಟರು ಎಡಪಾದವನ್ನು ಎರಡೂ ಕೈಗಳಲ್ಲಿ ಹಿಡಿದು ತಮ್ಮ ಮಡಿಲಿಗೆ ಇಟ್ಟುಕೊಂಡಾಗ, ಬಿಳಿ ಪ್ಯಾಂಟಿನ ಮೇಲೆ ಮಣ್ಣಿನ ಪುಡಿ ಉದುರಿತು. ಅಪ್ಪನ ಮುಖವನ್ನು ನೋಡಲು ನನಗೆ ಧೈರ್ಯವಾಗಲಿಲ್ಲ. ನಮ್ಮಲ್ಲಿ ಕಾಲು ಮುಟ್ಟುವುದು ಕಿರಿಯರ ಕೆಲಸ. ತಮಗಿಂತ ಹಿರಿಯರೂ ದೊಡ್ಡವರೂ ಆದವರು ತಮ್ಮ ಪಾದವನ್ನು ಮಡಿಲಲ್ಲಿಟ್ಟುಕೊಂಡದ್ದು ಅವರಿಗೆ ನೋವಿಗಿಂತಲೂ ಹೆಚ್ಚಿನ ಸಂಕಟವಾಗಿತ್ತು.

ಡಾಕ್ಟರು ಅವರನ್ನು ಬೆಂಚಿನ ಮೇಲೆ ಮಲಗಿಸಿ ಎರಡೂ ಕಾಲುಗಳನ್ನು ಎತ್ತಿ ಹಿಡಿದರು. ಸ್ವಲ್ಪ ಹೊತ್ತಿನಲ್ಲಿ ಎಡಪಾದ ಸುಣ್ಣದಂತೆ ಬಿಳಿಚಿತು. ಮತ್ತೆ ಎಬ್ಬಿಸಿ ಕುಳ್ಳಿರಿಸಿ ಕಾಲನ್ನು ಇಳಿಬಿಡಿಸಿದಾಗ ಅದೇ ಪಾದ ನಿಧಾನವಾಗಿ ಪುನರ್ಪುಳಿಯ ನೀರಿನಂತೆ ಕೆಂಪೇರಿತು. "ನೋಡಿ, ನೆತ್ತರಿಗೆ ಇಳಿಯಲಿಕ್ಕೆ ಆಗ್ತದೆ, ಏರಲಿಕ್ಕೆ ಆಗುದಿಲ್ಲ. ದಾರಿ ಕಟ್ಟಿಕೊಂಡಿದೆ" ಎಂದರು. ಎಡಪಾದದ ಮೇಲೆ ಮಿಡಿತವೇ ಇರಲಿಲ್ಲ. ಹರಡಿನ ಹಿಂದೆ ಮಾತ್ರ, ಬಹಳ ಹೊತ್ತು ಹುಡುಕಿದ ಮೇಲೆ, ತೀರ ಕ್ಷೀಣವಾದದ್ದೊಂದು ಸಿಕ್ಕಿತು. ಅಲ್ಲಿ ನೇರಳೆ ಗುರುತು ಬಿತ್ತು.

ಆಮೇಲೆ ನನ್ನ ಕಡೆಗೆ ತಿರುಗಿದರು. "ಎಂತ ಕಲ್ತಿದ್ದಿ ಮಗಳೇ?"

"ಬಿ.ಎ., ಸರ್."

"ಬೆರಳು ಸರಿ ಉಂಟಲ್ಲ? ಹಾಗಾದ್ರೆ ಸಾಕು. ಬಾ, ಇಲ್ಲಿ ಇಡು. ಒತ್ತಬೇಡ. ಒತ್ತಿದ್ರೆ ನಿನ್ನ ಬೆರಳಿನದ್ದೇ ಬಡಿತ ನಿನಗೆ ಕೇಳ್ತದೆ, ಅಪ್ಪನದ್ದು ಅಂತ ನೀನು ಖುಷಿಪಡ್ತಿ. ನನಗೇ ಆ ಮೋಸ ಆದದ್ದುಂಟು."

ಗುರುತಿನ ಮೇಲೆ ಬೆರಳಿಟ್ಟೆ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ, ಮಗುವೊಂದು ಬಟ್ಟೆಯೊಳಗಿನಿಂದ ತಟ್ಟಿದಂತೆ, ಮೆಲ್ಲಗೆ ಬಂತು. ಅಂದಿನಿಂದ ಪ್ರತಿದಿನ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪನ ಹರಡಿನ ಹಿಂದೆ ಬೆರಳಿಟ್ಟು ನೋಡುವುದು ನನ್ನ ಕೆಲಸವಾಯಿತು. ನಾನು "ಉಂಟು" ಎನ್ನುವವರೆಗೆ ಅಮ್ಮ ಒಲೆಯ ಬಳಿಯಿಂದ ಏಳುತ್ತಿರಲಿಲ್ಲ.

ಡಾಕ್ಟರು ಅಂದು ಹೇಳಿದ್ದು ಇಷ್ಟು: ಚಪ್ಪಲಿಯಿಲ್ಲದೆ ಹೊರಗೆ ಕಾಲಿಡಬಾರದು, ಕಾಲಿಗೆ ಬಿಸಿ ಇಟ್ಟಿಗೆಯ ಶಾಖ, ಉಪ್ಪಿನ ಶಾಖ ಯಾವುದನ್ನೂ ಕೊಡಬಾರದು, ಏಕೆಂದರೆ ಪಾದದ ಸ್ಪರ್ಶ ಮಂದವಾಗಿರುವುದರಿಂದ ಸುಟ್ಟರೂ ತಿಳಿಯುವುದಿಲ್ಲ, ಸುಟ್ಟದ್ದು ಮಾಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಬೀಡಿ ಬಿಡಬೇಕು.

"ಕಡಿಮೆ ಮಾಡುದಲ್ಲ ದೂಮಣ್ಣ, ಬಿಡುದು. ಬೀಡಿ ಇದ್ದಲ್ಲಿ ಈ ಕಾಲು ಉಳಿಯುದಿಲ್ಲ."

"ನಮ್ಮ ಮನೆಯಲ್ಲಿ ಬೀಡಿಯೇ ಅನ್ನ ಹಾಕುದು ಡಾಕ್ಟ್ರೆ" ಎಂದರು ಅಪ್ಪ.

ಅದು ನಿಜ. ಅಮ್ಮ ಹಗಲಿಡೀ ಎಲೆ, ಹೊಗೆಸೊಪ್ಪು ಹರಡಿದ ಮೊರದಂಥ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನನ್ನ ಕಾಲೇಜಿನ ಓದು ನಡೆದದ್ದು ಆ ಗೆರಸೆಯಿಂದಲೇ. ಹೊಗೆಸೊಪ್ಪಿನ ಪುಡಿಯ ವಾಸನೆ ನಮ್ಮ ಬಟ್ಟೆಗಳಿಗೂ ನನ್ನ ಪುಸ್ತಕಗಳಿಗೂ ಅಂಟಿಕೊಂಡಿರುತ್ತಿತ್ತು.

ಒಂದು ಭಾನುವಾರ, ಇಗರ್ಜಿಯ ಪ್ರಾರ್ಥನೆ ಮುಗಿಸಿ ಹಿಂದಿರುಗುವ ದಾರಿಯಲ್ಲಿ, ಡಾಕ್ಟರು ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಅಮ್ಮ ಗೆರಸೆಯನ್ನು ಮರೆಮಾಡಲು ಹೋದರು. ಡಾಕ್ಟರು ಚಾವಡಿಯಲ್ಲಿ ಅವರೆದುರು ನೆಲದ ಮೇಲೆಯೇ ಕುಳಿತು, "ಗಿರಿಜಕ್ಕ, ನಿಮ್ಮ ಕೈ ಕೊಡಿ ನೋಡುವ" ಎಂದರು.

"ಬೇಡ ಡಾಕ್ಟ್ರೆ, ಹೊಗೆಸೊಪ್ಪು ಮುಟ್ಟಿದ ಕೈ. ವಾಸನೆ."

"ನನ್ನ ಮೂಗಿಗೆ ಸ್ಪಿರಿಟ್ ಬಿಟ್ಟು ಬೇರೆ ವಾಸನೆ ಹಿಡಿಯುದಿಲ್ಲ. ಕೊಡಿ."

ಅಮ್ಮನಿಗೆ ಮುಷ್ಟಿ ಬಿಗಿ ಹಿಡಿಯಲು ಹೇಳಿದರು. ಮಣಿಕಟ್ಟಿನ ಎರಡೂ ಬದಿಯ ನಾಡಿಗಳನ್ನು ಹೆಬ್ಬೆರಳುಗಳಿಂದ ಅದುಮಿ, ಮುಷ್ಟಿ ಬಿಡಿಸಿದರು, ಅಂಗೈ ಬೆಳ್ಳಗಿತ್ತು. ಒಂದು ಬದಿಯ ಬೆರಳನ್ನು ತೆಗೆದೊಡನೆ ಅಂಗೈಗೆ ಬಣ್ಣ ಹರಿದು ಬಂತು. ಇನ್ನೊಂದು ಬದಿಯಿಂದಲೂ ಹಾಗೆಯೇ ನೋಡಿದರು. "ಒಳ್ಳೆದುಂಟು. ಈ ಕೈಗೆ ಎರಡು ದಾರಿಯೂ ತೆರೆದುಂಟು. ದೂಮಣ್ಣನ ಕಾಲಿಗೆ ಅಷ್ಟು ಭಾಗ್ಯ ಇಲ್ಲ. ಕಟ್ಟುದನ್ನು ಬಿಡಿ ಅಂತ ಹೇಳಲಿಕ್ಕೆ ನಾನು ಯಾರು? ಹೊರಗಿನ ಕೊಟ್ಟಿಗೆಯಲ್ಲಿ ಕಟ್ಟಿ, ಆಯ್ತಾ?" ಎಂದರು. ಅಂದೇ ಸಂಜೆ ಗೆರಸೆ ಕೊಟ್ಟಿಗೆಗೆ ಹೋಯಿತು. ಅಪ್ಪ ಬೀಡಿ ಬಿಟ್ಟರು. ಹೇಗೆ ಬಿಟ್ಟರೆಂದು ನನಗೆ ಇಂದಿಗೂ ಆಶ್ಚರ್ಯ. ಬಾಯಲ್ಲಿ ಒಂದು ಲವಂಗವಿಟ್ಟುಕೊಂಡು, ಬೀಡಿ ಕಟ್ಟುವ ಹೆಂಡತಿಯ ಕಡೆಯಿಂದ ಗಾಳಿ ಬೀಸುವ ದಿಕ್ಕನ್ನು ತಪ್ಪಿಸಿ ಕುಳಿತುಕೊಳ್ಳುತ್ತಿದ್ದರು. "ಡಾಕ್ಟ್ರು ಕಾಲು ಮುಟ್ಟಿ ಕೇಳಿದ್ದಾರೆ. ಇನ್ನೆಂತ ಬಾಕಿ ಉಂಟು?" ಎಂಬುದು ಅವರ ಕಾರಣ.

ನನಗೆ ಶಾಲೆಯೊಂದರಲ್ಲಿ ಅಧ್ಯಾಪಕಿಯ ಕೆಲಸ ಸಿಕ್ಕಿತು. ಅಪ್ಪ ತಿಂಗಳ ತಪಾಸಣೆಗೆ ಒಬ್ಬರೇ ಹೋಗತೊಡಗಿದರು. ರಜೆಯ ದಿನ ಮಾತ್ರ ನಾನೂ ಜೊತೆಗಿರುತ್ತಿದ್ದೆ. ಅಂಥ ಒಂದು ದಿನ ಡಾಕ್ಟರು ತರಿಸುತ್ತಿದ್ದ ಇಂಗ್ಲಿಷ್ ವೈದ್ಯಪತ್ರಿಕೆಯೊಂದನ್ನು ನನ್ನ ಕೈಗಿತ್ತು, "ಓದು ನೋಡುವ ಗ್ರಾಜುವೇಟ್" ಎಂದರು. ನಾನು ತಡವರಿಸುತ್ತಾ ಒಂದು ಪ್ಯಾರಾ ಓದಿದೆ. ಉಚ್ಚಾರ ತಪ್ಪುತ್ತದೆಂಬ ಭಯದಲ್ಲಿ ಅರ್ಥ ತಲೆಗೆ ಹೋಗಲಿಲ್ಲ.

"ಬಾವಲಿ ಗೊತ್ತುಂಟಲ್ಲ?" ಎಂದು ಅವರೇ ವಿವರಿಸಿದರು. "ನಮ್ಮ ಕಿವಿಗೆ ಕೇಳದ ಸದ್ದು ಮಾಡ್ತದೆ, ಅದು ಗೋಡೆಗೆ ತಾಗಿ ಹಿಂದೆ ಬಂದದ್ದನ್ನು ಕೇಳಿ ದಾರಿ ತಿಳೀತದೆ. ಅಂಥದ್ದೇ ಸದ್ದನ್ನು ಚರ್ಮದ ಮೇಲಿಂದ ಒಳಗೆ ಕಳಿಸ್ತಾರಂತೆ. ಹರಿಯುವ ನೆತ್ತರಿಗೆ ತಾಗಿ ಹಿಂದೆ ಬರ್ತದಂತೆ. ಅದನ್ನು ಯಂತ್ರ ನಮಗೆ ಕೇಳುವ ಹಾಗೆ ಮಾಡ್ತದೆ. ಕಾಲಿನಲ್ಲಿ ನೆತ್ತರು ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು, ಎಲ್ಲ ಕಿವಿಗೇ ಕೇಳ್ತದೆ."

ಅಪ್ಪ ತಮ್ಮ ಪಾದವನ್ನೇ ನೋಡುತ್ತಾ, "ಇಲ್ಲಿಗೆ ಬರ್ತದಾ ಡಾಕ್ಟ್ರೆ ಆ ಯಂತ್ರ?" ಎಂದರು.

"ಬಂದೇ ಬರ್ತದೆ. ನನ್ನ ಕಾಲಕ್ಕೆ ಬರುದಿಲ್ಲ." ಅವರು ತಮ್ಮ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿಕೊಂಡರು. "ಈ ಬೆರಳಿಗೆ ವಯಸ್ಸಾಯ್ತು. ಕೆಲವು ಸಲ ಇದ್ದದ್ದು ತಿಳಿಯುದಿಲ್ಲ. ಕೆಲವು ಸಲ ಇಲ್ಲದ್ದು ಉಂಟು ಅಂತ ಕಾಣ್ತದೆ."

ಬಹುಕಾಲದ ಮೇಲೆ ನನ್ನದೇ ಕಾಲಿಗೆ ತಣ್ಣನೆಯ ಜೆಲ್ ಹಚ್ಚಿ ಅಂಥ ಯಂತ್ರವನ್ನು ಇಟ್ಟಾಗ, ಹಾಸಿಗೆಯ ಪಕ್ಕದ ಪೆಟ್ಟಿಗೆಯಿಂದ ನನ್ನ ನೆತ್ತರು ಅಲೆಯಂತೆ ಉಸಿರಾಡುವುದು ಕೇಳಿಸಿತು. ಪರೀಕ್ಷೆ ಮಾಡುತ್ತಿದ್ದ ಹುಡುಗಿ "ಯಾಕಮ್ಮ, ನೋವಾಗ್ತದಾ?" ಎಂದು ಕೇಳಿದಳು. ನಾನು ಇಲ್ಲವೆಂದೆ.

ಮದರಾಸಿನಲ್ಲಿ ನರಕ್ಕೆ ಸಂಬಂಧಿಸಿದ ಒಂದು ಶಸ್ತ್ರಚಿಕಿತ್ಸೆ ಮಾಡುತ್ತಾರೆ, ಅದರಿಂದ ಪಾದಕ್ಕೆ ರಕ್ತ ಸ್ವಲ್ಪ ಹೆಚ್ಚು ಬರಬಹುದು ಎಂದು ಡಾಕ್ಟರು ಆರಂಭದಲ್ಲಿ ಹೇಳಿದ್ದರು. ಪಾದ ತಣ್ಣಗಾಗುತ್ತಲೇ ಹೋದರೆ ಕಳಿಸುವುದೆಂದು ಅವರ ಯೋಚನೆ. ಆದರೆ ತಪಾಸಣೆಯಿಂದ ಬಂದಾಗಲೆಲ್ಲ ಅಪ್ಪ ಒಳ್ಳೆಯ ಸುದ್ದಿಯನ್ನೇ ತರುತ್ತಿದ್ದರು. "ಕಾಲು ಬೆಚ್ಚಗುಂಟು ಅಂದ್ರು ಡಾಕ್ಟ್ರು. ಬಣ್ಣವೂ ಬಂದಿದೆಯಂತೆ. ಮದರಾಸು ಈಗ ಬೇಡವಂತೆ." ಅಮ್ಮ ದೇವರ ದೀಪಕ್ಕೆ ಒಂದು ಚಮಚ ಎಣ್ಣೆ ಹೆಚ್ಚು ಹಾಕುತ್ತಿದ್ದರು. ಸಂಜೆ ನನ್ನ ಬೆರಳಿಗೆ ಸಿಗುತ್ತಿದ್ದ ಪಾದ ತಣ್ಣಗೇ ಇರುತ್ತಿತ್ತು. ಬಸ್ಸಿನಲ್ಲಿ ಬಂದ ಆಯಾಸವೆಂದು ನಾವೆಲ್ಲರೂ ಭಾವಿಸಿದೆವು.

ಮಳೆಗಾಲದ ಒಂದು ರಜಾದಿನ ನಾನು ಶಾಲೆಯ ಕೆಲಸದ ನಿಮಿತ್ತ ಹಂಪನಕಟ್ಟೆಗೆ ಹೋದವಳು, ಅಪ್ಪನನ್ನು ಅಲ್ಲಿಯೇ ಕೂಡಿಕೊಳ್ಳೋಣವೆಂದು ಚಿಕಿತ್ಸಾಲಯಕ್ಕೆ ಹೋದೆ. ಅಪ್ಪ ಆಗಲೇ ಕುರ್ಚಿಯಲ್ಲಿದ್ದರು. ಈಗೀಗ ಅವರು ಪಾದಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ತಾವಾಗಿಯೇ ಮುಂದಕ್ಕೆ ಚಾಚಿದ್ದರು. ಹಿಮ್ಮಡಿಯ ಬಿರುಕುಗಳಲ್ಲಿ ಒಂದಿಷ್ಟೂ ಮಣ್ಣಿರಲಿಲ್ಲ. ಡಾಕ್ಟರು ಎಡಪಾದವನ್ನು ಮಡಿಲಿಗೆ ತೆಗೆದುಕೊಂಡು ಅದನ್ನೇ ನೋಡುತ್ತಾ ಉಳಿದರು. ಬೆರಳುಗಳ ಮೇಲಿನ ಚರ್ಮ ಒದ್ದೆಯಾಗಿ ಕೆಂಪಾಗಿತ್ತು. ಕಿರುಬೆರಳಿನ ಬುಡದಲ್ಲಿ ಬೊಕ್ಕೆ ಎದ್ದಿತ್ತು.

"ಇದು ಎಂತ ದೂಮಣ್ಣ?"

ಅಪ್ಪ ಬಗ್ಗಿ ನೋಡಿದರು. "ಎಂತದು? ನನಗೆ ಎಂತದೂ ಗೊತ್ತಾಗ್ಲಿಲ್ಲ."

"ಸುಟ್ಟಿದೆ. ಯಾವಾಗ ಸುಟ್ಟದ್ದು?"

"ಸುಡಲಿಕ್ಕೆ ಎಂತ ಉಂಟು ಡಾಕ್ಟ್ರೆ? ಈಗಷ್ಟೇ ತೊಳ್ಕೊಂಡು ಬಂದದ್ದು." ಅಪ್ಪನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. "ನೀವು ಮಡಿಲಲ್ಲಿ ಇಟ್ಕೊಳ್ಳುವ ಕಾಲಲ್ವಾ? ಕೆಸರಿನಲ್ಲಿ ತರಲಿಕ್ಕಾಗ್ತದಾ? ಮೂಲೆಯ ಹೋಟೆಲಿನವರು ನಮ್ಮ ಗುರ್ತದವರು. ಹಿಂದಿನ ಬಾಗಿಲಲ್ಲಿ ಕೂತು ಬಾಯ್ಲರಿನ ನೀರಲ್ಲಿ ತೊಳೆದೇ ಬರುದು, ಪ್ರತೀ ಸಲ. ತಣ್ಣೀರಿಗೆ ಆವೆಮಣ್ಣು ಹೋಗುದಿಲ್ಲ ನೋಡಿ."

"ಪ್ರತೀ ಸಲ?"

"ಹ್ಞೂಂ. ಮೊದಲು ಉಗುರುಬಿಸಿ ಇತ್ತು. ಆಮೇಲೆ ನೀವು ಬೆಚ್ಚಗುಂಟು ಅಂತ ಖುಷಿಪಟ್ಟಿರಲ್ಲ, ಅದಕ್ಕೆ ಸ್ವಲ್ಪ ಜಾಸ್ತಿಯೇ ಬಿಸಿ ಮಾಡ್ತಿದ್ದೆ."

"ಶಾಖ ಕೊಡಬಾರದು ಅಂದಿದ್ದೆನಲ್ಲ ದೂಮಣ್ಣ."

"ಶಾಖ ಕೊಡ್ಲಿಲ್ಲ ಡಾಕ್ಟ್ರೆ" ಎಂದರು ಅಪ್ಪ, ನೊಂದವರಂತೆ. "ನಿಮ್ಮ ಮಾತು ಮೀರಿದವನಲ್ಲ. ಇದು ಬರೀ ತೊಳೆದದ್ದು."

ಡಾಕ್ಟರು ಪಾದವನ್ನು ಮಡಿಲಲ್ಲಿಯೇ ಇಟ್ಟುಕೊಂಡು, ಹರಡಿನ ಹಿಂದೆ ಬೆರಳಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತರು. ಹೊರಗೆ ಮಳೆ ಜೋರಾಯಿತು. ಮೋನಪ್ಪ ಬಾಗಿಲವರೆಗೆ ಬಂದು ಹಿಂದೆ ಹೋದ. ಕೊನೆಗೆ ಅವರು ಬೆರಳನ್ನು ತೆಗೆದರು. ಪೆನ್ಸಿಲನ್ನು ಹೊರಗೆ ತೆಗೆಯಲಿಲ್ಲ.

ಗಾಯ ಮಾಯಲಿಲ್ಲ. ಡಾಕ್ಟರು ದಿನ ಬಿಟ್ಟು ದಿನ ಜೆಪ್ಪುವಿಗೆ ತಾವೇ ಬಂದು ಕಟ್ಟು ಬಿಚ್ಚಿ ಕಟ್ಟಿದರು. ಮದರಾಸಿಗೆ ಬರೆದರು, ಅಷ್ಟರಲ್ಲಿ ಕಿರುಬೆರಳು ಕಪ್ಪಾಗಿ, ಆ ಕಪ್ಪು ಪಾದದ ಮೇಲಕ್ಕೆ ಏರತೊಡಗಿತ್ತು. ಊರಿನ ದೊಡ್ಡಾಸ್ಪತ್ರೆಯಲ್ಲಿ ಬೇರೊಬ್ಬ ವೈದ್ಯರು ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಬೆಂಜಮಿನ್ ಡಾಕ್ಟರು ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ನಮ್ಮೊಡನೆ ಬೆಂಚಿನ ಮೇಲೆ ಕುಳಿತಿದ್ದರು. ಅಮ್ಮ ಅವರಿಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಅವರು ಲೋಟ ಹಿಡಿದುಕೊಂಡಿದ್ದರೇ ಹೊರತು ಕುಡಿಯಲಿಲ್ಲ.

ಮರುದಿನ ವಾರ್ಡಿನಲ್ಲಿ ಅಪ್ಪನೇ ಅವರನ್ನು ಸಮಾಧಾನಪಡಿಸಿದರು. "ಬೇಜಾರು ಮಾಡ್ಬೇಡಿ ಡಾಕ್ಟ್ರೆ. ಇನ್ನೊಂದು ಉಂಟಲ್ಲ. ಅದರ ಮಣ್ಣು ತೆಗೆಯಲಿಕ್ಕೆ ಅರ್ಧವೇ ಕೆಲಸ."

ಡಾಕ್ಟರು ನಗಲಿಲ್ಲ. "ಬೆಚ್ಚಗುಂಟು ಅಂತ ನಾನು ಖುಷಿಪಟ್ಟೆ ದೂಮಣ್ಣ. ಯಾಕೆ ಬೆಚ್ಚಗುಂಟು ಅಂತ ಕೇಳ್ಲಿಲ್ಲ. ಅಷ್ಟು ಕೇಳಿದ್ದರೆ ಸಾಕಿತ್ತು."

"ನಾನಾದರೂ ಹೇಳ್ಬಹುದಿತ್ತಲ್ಲ. ಕೇಳದೆ ಹೇಗೆ ಹೇಳುದು ಅಂತ ನಾಚಿಕೆ" ಎಂದು ಅಪ್ಪ ಅವರ ಕೈಯನ್ನು ತಟ್ಟಿದರು.

ಅನಂತರ ನಾನು ಚಿಕಿತ್ಸಾಲಯಕ್ಕೆ ಹೋದಾಗ ಹಲಸಿನ ಮಣೆ ಕಾಣಿಸಲಿಲ್ಲ. ಬೆತ್ತದ ಕುರ್ಚಿಯೂ ಹೋಗಿತ್ತು. ಒಂದೇ ಎತ್ತರದ ಎರಡು ಸಾಧಾರಣ ಕುರ್ಚಿಗಳನ್ನು ಎದುರುಬದುರಾಗಿ ಇರಿಸಿದ್ದರು. ಹೊರಬಾಗಿಲಿನ ಮೇಲೆ ಮೋನಪ್ಪನ ಕೈಬರಹದ ಒಂದು ಹಲಗೆ: "ದಯವಿಟ್ಟು ಕಾಲು ತೊಳೆಯದೆ ಬನ್ನಿ". ಯಾರದೇ ಮನೆಗೆ ಹೋದರೂ ಮೊದಲು ಕಾಲು ತೊಳೆದು ಒಳಹೊಗುವ ನಮ್ಮ ಜನರಿಗೆ ಅದು ವಿಚಿತ್ರವಾಗಿತ್ತು. ಕೆಲವರು ನಕ್ಕರು, ಕೆಲವರು ಡಾಕ್ಟರಿಗೆ ತಲೆ ಕೆಟ್ಟಿದೆ ಎಂದರು. ಮಣೆ ಏನಾಯಿತೆಂದು ಮೋನಪ್ಪನನ್ನು ಕೇಳಿದೆ.

"ಸೌದೆ ಕೋಣೆಯಲ್ಲಿ ಉಂಟು. ತಾನು ಕೆಳಗೆ ಕೂತದ್ದೇ ದೂಮಣ್ಣನಿಗೆ ಭಾರ ಆಯ್ತು ಅಂತ ಹೇಳ್ತಾರೆ. ನಾನು ಎಷ್ಟು ಹೇಳಿದ್ರೂ ಕೇಳುದಿಲ್ಲ" ಎಂದ. ಆತ ಅವರನ್ನು ಹಾಸ್ಯ ಮಾಡುವುದನ್ನೂ ಬಿಟ್ಟಿದ್ದ.

ಅರವತ್ತರ ದಶಕದ ಕೊನೆಯ ಭಾಗದಲ್ಲಿ ಡಾಕ್ಟರು ಚಿಕಿತ್ಸಾಲಯವನ್ನು ಮುಚ್ಚಿದರು. ಅವರನ್ನು ನಾನು ಕೊನೆಯ ಸಲ ಕಂಡದ್ದು ಅವರ ಮನೆಯ ಜಗಲಿಯಲ್ಲಿ. ಅಪ್ಪ ನನ್ನೊಡನೆ ಹೇಳಿಕಳಿಸಿದ ಮಾತೊಂದಿತ್ತು. ಡಾಕ್ಟರು ಕೇಳುವವರೆಗೆ ಕಾದಿದ್ದೆ.

"ಬಲಗಾಲು ಹೇಗುಂಟು?"

"ಹರಡಿನ ಹಿಂದೆ ಮಿಡಿತ ಉಂಟು ಸರ್. ಮೇಲೆಯೂ ಉಂಟು. ಒತ್ತದೆಯೇ ನೋಡ್ತೇನೆ."

"ತಣ್ಣಗೆ?"

"ಸ್ವಲ್ಪ ತಣ್ಣಗೆ, ಸರ್. ಹೇಗೆ ಉಂಟೋ ಹಾಗೇ ಹೇಳ್ತಿದ್ದೇನೆ."

ಅವರು ತಲೆದೂಗಿದರು. ತುಟಿಯ ಮೇಲಿನ ನೇರಳೆ ಕಲೆ ಅಳಿಸಿಹೋಗಿತ್ತು. ಆ ಮುಖ ನನಗೆ ಬೇರೆ ಯಾರದೋ ಎನಿಸಿತು.

"ಅಪ್ಪ ಒಂದು ಮಾತು ಹೇಳಲಿಕ್ಕೆ ಹೇಳಿದ್ದಾರೆ ಸರ್. ಬಲಗಾಲನ್ನು ತೊಳೆಯದೆ ಇಟ್ಟಿದ್ದೇನೆ, ಡಾಕ್ಟ್ರು ಒಂದು ಸಲ ಬಂದು ನೋಡಬೇಕು ಅಂತ. ಮಣೆಯನ್ನೂ ತರಬೇಕಂತೆ."

ಬಹಳ ದಿನಗಳ ಮೇಲೆ ಅವರು ನಕ್ಕರು. "ಮಣೆಯೂ ಬೇಕಂತಾ? ಆಗಲಿ. ಈ ಮಳೆ ಒಂಚೂರು ಬಿಡಲಿ. ಬರುವ ಭಾನುವಾರ ಬರ್ತೇನೆ ಅಂತ ಹೇಳು ನಿನ್ನ ಅಪ್ಪನಿಗೆ."

ಆ ಭಾನುವಾರ ಅಪ್ಪ ಬೆಳಗ್ಗೆಯೇ ಚಾವಡಿಯ ಕುರ್ಚಿಯಲ್ಲಿ ಕುಳಿತರು. ಹಿಂದಿನ ಸಂಜೆ ಅಂಗಳದ ಕೆಸರಿನಲ್ಲಿ ಊರುಗೋಲು ಹಿ‍ಡಿದು ನಡೆದ ಬಲಪಾದವನ್ನು ತೊಳೆಯಗೊಡಲಿಲ್ಲ. "ಎಂತ ಅವಸ್ಥೆ ಇದು, ಮಗುವಿನ ಹಾಗೆ. ಒಂದು ಚೆಂಬು ತಣ್ಣೀರಾದರೂ ಹಾಕ್ತೇನೆ" ಎಂದು ಅಮ್ಮ ಗದರಿದರು. "ಮುಟ್ಟಬೇಡ. ಅವರು ಹೇಗೆ ಉಂಟೋ ಹಾಗೇ ನೋಡ್ಲಿ" ಎಂದರು ಅಪ್ಪ. ಇಗರ್ಜಿ ಬಿಡುವ ಹೊತ್ತು ಕಳೆಯಿತು. ಊಟದ ಹೊತ್ತಾಯಿತು. ಮಧ್ಯಾಹ್ನ ಮೋನಪ್ಪ ಕೊಡೆ ಹಿಡಿದು ಒಬ್ಬನೇ ಬಂದ. ಅವನ ಕಂಕುಳಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಮಣೆಯಿತ್ತು. ಡಾಕ್ಟರು ಶನಿವಾರ ರಾತ್ರಿ ಅದನ್ನು ಸೌದೆ ಕೋಣೆಯಿಂದ ತೆಗೆಸಿ ಒರೆಸಿಡಲು ಹೇಳಿದ್ದರಂತೆ. ಬೆಳಗ್ಗೆ ಏಳಲಿಲ್ಲ.

ಅಪ್ಪ ಮಣೆಯನ್ನು ತಮ್ಮ ಎದುರಿಗೆ ಇಡಿಸಿಕೊಂಡರು. ಸಂಜೆಯವರೆಗೆ ಪಾದವನ್ನು ತೊಳೆಯಲು ಬಿಡಲಿಲ್ಲ.

ಅದಾದ ಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಗಳನ್ನು ಇದ್ದಂತೆಯೇ ಹೇಳಿ ಮುಗಿಸುತ್ತೇನೆ. ಅಪ್ಪ ಮತ್ತೆ ಬೀಡಿ ಮುಟ್ಟಲಿಲ್ಲ. ಕಾಲು ಹೋದಾಗಲೇ ಮಣ್ಣಿನ ಕೆಲಸವನ್ನು ಬಿಟ್ಟಿದ್ದವರು ಅದೇ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಕುಳಿತರು. ಅಮ್ಮ ಬೀಡಿ ಕಟ್ಟುವುದನ್ನು ಬಿಟ್ಟರು. ಮನೆಯ ಖರ್ಚು ನನ್ನ ಸಂಬಳದಿಂದ ನಡೆಯಿತು, ಆ ಕಾರಣದಿಂದ ನನ್ನ ಮದುವೆ ತಡವಾಯಿತು. ಅಪ್ಪನ ಬಲಗಾಲು ಅವರ ಕೊನೆಯವರೆಗೂ ಉಳಿಯಿತು. ಸಂಜೆ ಆ ಮಣೆಯ ಮೇಲೆ ಕುಳಿತು ಅದರ ಮಿಡಿತವನ್ನು ನೋಡುತ್ತಿದ್ದವಳು ನಾನು. ನಮ್ಮ ಮನೆಯವರು ಯಾರೂ ಇಂದಿಗೂ ಕಾಲು ತೊಳೆದುಕೊಂಡು ವೈದ್ಯರಲ್ಲಿಗೆ ಹೋಗುವುದಿಲ್ಲ.